ಟೋಪಿ ತಿಂದ ಆಡು ಮತ್ತು ನಮ್ಮ ಟೀಚರ್

ನಮ್ಮ ಟೀಚರ್ ತೀರಿಕೊಂಡ ಮೇಲೆ ಕೊಡಿಯಾಲ್‌ಬೈಲಿನ ಹಳೆಯ ಶಾಲೆಯಲ್ಲಿ ಸಂತಾಪ ಸಭೆ ನಡೆಯಿತು. ಒಂದು ನಿಮಿಷದ ಮೌನಾಚರಣೆ ಮಾತ್ರ ನಡೆಯಲಿಲ್ಲ. ಪ್ರಯತ್ನವಾಯಿತು, ಎಲ್ಲರೂ ಎದ್ದು ನಿಂತದ್ದೂ ಆಯಿತು, ಆದರೆ ಮೌನ ನಿಲ್ಲಲಿಲ್ಲ. ಯಾರ ತಪ್ಪು ಎಂದು ಕೇಳಿದರೆ ಒಂದು ಆಡಿನದ್ದು ಎನ್ನಬೇಕಾಗುತ್ತದೆ.

ಟೀಚರ ಕತೆಯನ್ನು ಕ್ರಮವಾಗಿ ಹೇಳುವ ಆಸೆ ನನಗಿಲ್ಲ. ಕ್ರಮವಾಗಿ ಹೇಳಿದವರನ್ನು ಅಂದು ಸಾಕಷ್ಟು ಕೇಳಿದೆ. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು, ನಿವೃತ್ತಿಯಾದದ್ದು. ಮೈಕಿನವರ ಮಾತಿನಲ್ಲಿ ಟೀಚರ್ ಶಿಸ್ತಿನ ಸಿಪಾಯಿಯಾದರು, ಸದ್ದಿಲ್ಲದ ಸಾಧಕಿಯಾದರು. ಸದ್ದಿಲ್ಲದ! ನಾನು ಪಕ್ಕದಲ್ಲಿದ್ದ ಹಮೀದನ ಮುಖ ನೋಡಿದೆ. ಹಮೀದ ನನ್ನ ತರಗತಿಯವನು, ಈಗ ಬಂದರಿನಲ್ಲಿ ಮೆಣಸು, ನೀರುಳ್ಳಿಯ ಸಗಟು ವ್ಯಾಪಾರ. ನಾನು ಅರ್ಚಕರ ಮನೆಯವನಾದದ್ದರಿಂದ ನನ್ನನ್ನು ಶಾಲೆಯ ದಿನಗಳಿಂದ ಇಂದಿನವರೆಗೆ ಭಟ್ರೆ ಎಂದೇ ಕರೆಯುತ್ತಾನೆ.

"ಭಟ್ರೆ, ಇವರು ಯಾರ ಬಗ್ಗೆ ಮಾತಾಡುದು?" ಎಂದು ಕಿವಿಯಲ್ಲಿ ಕೇಳಿದ. "ನಾವು ಬೇರೆ ಸಭೆಗೆ ಬಂದು ಕೂತದ್ದಾ ಎಂತ?"

ಹೆಸರು ಬರೆಯುವುದಿಲ್ಲ. ಶಾಲೆಯಲ್ಲಿ ಟೀಚರುಗಳು ಬಹಳ ಮಂದಿ ಇದ್ದರು, ಅವರನ್ನೆಲ್ಲ ಹೆಸರು ಸೇರಿಸಿ ಕರೆಯುತ್ತಿದ್ದೆವು. ಬರೀ 'ಟೀಚರ್' ಎಂದರೆ ಇವರೊಬ್ಬರೇ. ಬಂದರಿನ ಬ್ಯಾರಿ ವ್ಯಾಪಾರಸ್ಥರ ಮನೆಯವರು. ಮನೆಯ ಗಂಡಸರೆಲ್ಲ ಅಂಗಡಿ ಹಿಡಿದರು, ಇಲ್ಲವೇ ಕೊಲ್ಲಿಗೆ ಹೋದರು. ಇವರು ಸೀಮೆಸುಣ್ಣ ಹಿಡಿದು ನಮಗೆ ವಿಜ್ಞಾನ ಕಲಿಸಿದರು. ಎತ್ತರದ ಹೆಂಗಸು. ಮುಂದೆ ಹೋಗುತ್ತಿರುವ ಯಾರನ್ನೋ ಹಿಡಿಯಬೇಕಾದವರಂತೆ ನಡೆಯುತ್ತಿದ್ದರು.

ಅವರ ಬಳಿ ಒಂದು ಹದಿನಾರು ಎಂಎಂ ಪ್ರೊಜೆಕ್ಟರೂ ಒಂದು ಟ್ರಂಕು ತುಂಬ ಕಿರುಚಿತ್ರಗಳೂ ಇದ್ದವು. ಎಲ್ಲ ಕಪ್ಪು ಬಿಳುಪು, ಎಲ್ಲ ಮೂಕಿ, ಎಲ್ಲ ಪರದೇಶದ್ದು, ಎಲ್ಲದರಲ್ಲಿಯೂ ಯಾವುದೋ ಒಂದು ಪ್ರಾಣಿಯ ಪೋಕರಿತನ. ಕ್ಷೌರದಂಗಡಿಗೆ ನುಗ್ಗಿ ಗಿರಾಕಿಯ ಮುಖಕ್ಕೆಲ್ಲ ಸೋಪಿನ ನೊರೆ ಬಳಿಯುವ ಮಂಗ. ಹಿಟ್ಟಿನ ಡಬ್ಬಿಯೊಳಗೆ ಬಿದ್ದು ಬೆಳ್ಳಗಾಗಿ ಹೊರಬರುವ ಕರಡಿಮರಿಗಳು. ಮದುವೆ ಮೆರವಣಿಗೆಯ ಮುಂದೆ ತಾವೇ ದಿಬ್ಬಣದವರೆಂಬ ಗತ್ತಿನಲ್ಲಿ ಸಾಗುವ ಬಾತುಕೋಳಿಗಳು. ಎಲ್ಲಕ್ಕಿಂತ ಮೇಲೆ, ಆಡು.

ಅವು ಟೀಚರಿಗೆ ಹೇಗೆ ಸಿಕ್ಕಿದವು? ಕೊಲ್ಲಿಯಲ್ಲಿದ್ದ ಅವರ ಅಣ್ಣ, ಅಲ್ಲಿನ ಯಾವುದೋ ಪರದೇಶಿ ಮಕ್ಕಳ ಶಾಲೆ ಮುಚ್ಚುವಾಗ ಕೊಂಡು ತಂದದ್ದು ಎಂದು ಒಮ್ಮೆ ಹೇಳಿದರು. ಬಂದರಿಗೆ ಬಂದ ಹಡಗಿನವನೊಬ್ಬ ಒಣಮೀನಿನ ಬದಲಿಗೆ ಬಿಟ್ಟು ಹೋದದ್ದು ಎಂದು ಇನ್ನೊಮ್ಮೆ ಹೇಳಿದರು. ಎರಡನ್ನೂ ಅವರ ಬಾಯಿಂದಲೇ ಕೇಳಿದ್ದೇನೆ. ಯಾವುದು ನಿಜ ಎಂದು ಕೇಳಿದ್ದಕ್ಕೆ, "ನಿಂಗೆ ಯಾವುದು ಚಂದ ಕಾಣ್ತದೆ?" ಎಂದರು. ಒಣಮೀನಿನದ್ದು ಎಂದೆ. "ಹಾಗಾದ್ರೆ ಅಣ್ಣ ತಂದದ್ದೇ ಇರಬೇಕು. ಚಂದ ಇರುವುದು ನಾನು ಸೇರಿಸಿದ್ದು."

ಶನಿವಾರದ ಕೊನೆಯ ಪೀರಿಯಡ್ ಸಿನೆಮಾ. ಟೀಚರ್ ತಲೆಯ ಮೇಲಿನ ಸೆರಗನ್ನು ಎರಡು ಕಿವಿಗಳ ಹಿಂದೆ ಬಿಗಿಯಾಗಿ ಸಿಕ್ಕಿಸಿಕೊಂಡರೆಂದರೆ, ತಿರುಗುವ ರೀಲಿಗೆ ಬಟ್ಟೆ ಸಿಕ್ಕದ ಹಾಗೆ ತಯಾರಾದರೆಂದು ಅರ್ಥ. ಆ ಒಂದು ಕೈಚಲನೆ ಕಂಡದ್ದೇ ಇಡೀ ತರಗತಿ ಬೆಂಚು ಬಡಿಯಲು ಶುರುಮಾಡುತ್ತಿತ್ತು. ಫಿಲ್ಮು ನಡುವೆ ತುಂಡಾದರೆ ತುದಿಯನ್ನು ಕೆಳತುಟಿಗೆ ತಾಗಿಸಿ ನೋಡುತ್ತಿದ್ದರು. ತುಟಿಗೆ ಅಂಟಿದರೆ ಅದು ಚಿತ್ರವಿರುವ ಬದಿ, ಜಾರಿದರೆ ಬೆನ್ನು. ಆಮೇಲೆ ಬದಿ ತಪ್ಪದಂತೆ ಟೇಪು ಹಚ್ಚಿ ಜೋಡಿಸುವುದು. ನಮಗೆ ಅದೆಲ್ಲ ಎಲ್ಲಿ ಗೊತ್ತು? ಟೀಚರ್ ಆಡಿಗೆ ಮುತ್ತು ಕೊಟ್ಟರು ಎಂದು ಬೊಬ್ಬೆ ಹಾಕುತ್ತಿದ್ದೆವು.

ಆಡಿನ ಚಿತ್ರದಲ್ಲಿ ನಡೆಯುವುದು ಇಷ್ಟು. ಯಾವುದೋ ದೇಶದ ಸಣ್ಣ ಪೇಟೆ. ಒಂದು ಬಿಳಿ ಆಡು ಹಗ್ಗ ಕಳಚಿಕೊಂಡು ಬರುತ್ತದೆ. ಗೋಡೆಯ ಪೋಸ್ಟರ್ ತಿನ್ನುತ್ತದೆ, ಅಂಗಡಿಯ ಮುಂದಿನ ಹೂವು ತಿನ್ನುತ್ತದೆ, ಬೆಂಚಿನ ಮೇಲೆ ತೂಕಡಿಸುವ ಪೊಲೀಸನ ಟೋಪಿ ತಿನ್ನುತ್ತದೆ. ಪೊಲೀಸ ಎಚ್ಚರಗೊಂಡು ಬೆರಳು ಎತ್ತುತ್ತಾನೆ. ಆಡು ನಿಂತು ನೇರವಾಗಿ ನಮ್ಮನ್ನು ನೋಡುತ್ತದೆ. ದವಡೆ ಮಾತ್ರ ಅಲ್ಲಾಡುತ್ತದೆ. ಮತ್ತೆ ಓಟ. ಮತ್ತೆ ಬೆರಳು. ಮತ್ತೆ ಆ ನೋಟ.

ಇದರಲ್ಲಿ ಮೋಹಗೊಳ್ಳುವಂಥದ್ದು ಎಂತ ಉಂಟು? ಇಂದು ಫೋನಿನಲ್ಲಿ ಬೆಕ್ಕು, ನಾಯಿ, ಆನೆಮರಿಗಳ ತುಂಟಾಟ ಬೇಕಾದಷ್ಟು ಸಿಗುತ್ತದೆ. ನೋಡುತ್ತೇನೆ, ನಗುತ್ತೇನೆ, ಬೆರಳಿನಿಂದ ಮೇಲಕ್ಕೆ ತಳ್ಳುತ್ತೇನೆ. ಆ ಹಳೆಯ ಚಿತ್ರಗಳಲ್ಲಿ ಪ್ರಾಣಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ತೆಗೆಯುವವನ ಮಾತನ್ನು ಕೂಡ. ಅವನು ಕ್ಯಾಮೆರಾ ಹಿಡಿದು ಅದರ ಹಿಂದೆ ಓಡಿದ್ದು ಚಿತ್ರದ ಕುಲುಕಾಟದಲ್ಲೇ ತಿಳಿಯುತ್ತಿತ್ತು. ಮಂಗನ ಚಿತ್ರದಲ್ಲಿ ಅಂಚಿನಿಂದ ಯಾರದೋ ಕೈ ಒಂದು ಬಂದು ಬಿಸ್ಕತ್ತು ತೋರಿಸಿ ಮಾಯವಾಗುತ್ತಿತ್ತು. ನಾವು "ಕೈ! ಕೈ!" ಎಂದು ಕೂಗಿದರೆ ಟೀಚರ್, "ಆ ಕೈಯನ್ನೂ ನೋಡಿ. ಅದಿಲ್ಲದಿದ್ರೆ ಮಂಗ ಬರ್ತಿರಲಿಲ್ಲ" ಎನ್ನುತ್ತಿದ್ದರು. ಅವರ ಇನ್ನೊಂದು ಮಾತು ಹೀಗೆ: "ಮನುಷ್ಯ ನಟಿಸ್ತಾನೆ. ಆಡು ತಿಂತದೆ." ಸಿನೆಮಾದ ಬಗ್ಗೆ ನಾನು ಓದಿದ ದೊಡ್ಡ ದೊಡ್ಡ ಲೇಖನಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಸಿಕ್ಕಲಿಲ್ಲ.

ಈಗ ಮುಖ್ಯ ವಿಷಯ. ಚಿತ್ರಕ್ಕೆ ಧ್ವನಿ ಇರಲಿಲ್ಲ, ಧ್ವನಿ ನಮ್ಮದು. ಯಾರಿಗೆ ತೋಚಿತೋ ಅವರು ಕೂಗುವುದು. ಅದಕ್ಕೆ ಒಂದು ಕಟ್ಟಳೆಯೂ ಬೆಳೆದಿತ್ತು. ಟೀಚರ್ ಮಾಡಿದ್ದಲ್ಲ, ತನ್ನಷ್ಟಕ್ಕೆ ಆದದ್ದು. ಪೊಲೀಸ, ಅಂಗಡಿಯವನು, ಬೆರಳೆತ್ತುವ ಯಾರೇ ಆಗಲಿ ಕನ್ನಡದಲ್ಲಿ ಮಾತಾಡಬೇಕು. ಪ್ರಾಣಿ ಮಾತ್ರ ಮನೆಯ ಭಾಷೆಯಲ್ಲಿ. ನಮ್ಮ ಊರಿನಲ್ಲಿ ಕನ್ನಡವೆಂದರೆ ಶಾಲೆ, ಕಚೇರಿ, ಮೈಕು. ತುಳು, ಬ್ಯಾರಿ, ಕೊಂಕಣಿ ಎಂದರೆ ಅಡುಗೆಮನೆ, ಜಗಳ, ನಗು. "ಯಾರದು ನನ್ನ ಟೋಪಿಯನ್ನು ತಿಂದದ್ದು? ಈ ಕೂಡಲೇ ಉತ್ತರಿಸತಕ್ಕದ್ದು!" ಎಂದು ಪೊಲೀಸ ಪಠ್ಯಪುಸ್ತಕದಂತೆ ಗದರಿದರೆ, ಆಡು ದವಡೆ ಆಡಿಸುತ್ತ ತುಳುವಿನಲ್ಲಿ "ಯಾನತ್ತ್" ಎನ್ನುತ್ತಿತ್ತು. ನಾನಲ್ಲ. ನನ್ನ ಹಿಂದಿನ ಬೆಂಚಿನಲ್ಲಿ ಅದೇ ಆಡು "ಹಾಂವ್ ನ್ಹಯ್" ಎಂದು ಕೊಂಕಣಿಯಲ್ಲಿ ಹೇಳುತ್ತಿತ್ತು. ಹಮೀದನ ಸಾಲಿನಲ್ಲಿ ಬ್ಯಾರಿಯಲ್ಲಿ, ಅದೂ ಅವನ ಅಜ್ಜಿಯ ರಾಗದಲ್ಲಿ.

ಒಮ್ಮೆ ಹೊಸದಾಗಿ ಬಂದವನೊಬ್ಬ ಗೊತ್ತಿಲ್ಲದೆ ಪೊಲೀಸನ ಬಾಯಲ್ಲಿ ತುಳು ಆಡಿಸಿಬಿಟ್ಟ. "ಎನ್ನ ಟೋಪಿ ಓಲು ಮಾರಾಯಾ?" ಎಂದ, ನನ್ನ ಟೋಪಿ ಎಲ್ಲಿ ಎಂದು. ಕೂಡಲೇ ಪೊಲೀಸ ನಮ್ಮ ನೆರೆಮನೆಯವನಾಗಿ ಹೋದ. ಪಾಪ, ಅವನ ಟೋಪಿ! ಆಡಿನ ಮೇಲೆಯೇ ಸಿಟ್ಟು ಬಂತು. ಅಂದು ನಗು ಹುಟ್ಟಲೇ ಇಲ್ಲ. ಬೆಲ್ಲು ಹೊಡೆದ ಮೇಲೆ ನಾವೆಲ್ಲ ಸೇರಿ ಅವನಿಗೆ ಬೈದೆವು. ಟೀಚರ್ ಮಾತ್ರ ತುಂಬ ಹೊತ್ತು ಅಲ್ಲೇ ನಿಂತು ಯೋಚಿಸುತ್ತಿದ್ದರು.

ಇನ್ನೊಮ್ಮೆ ಶಾಲಾ ತನಿಖೆಗೆ ಬಂದ ಅಧಿಕಾರಿಯೊಬ್ಬರು ಗದ್ದಲ ಕೇಳಿ ಬಾಗಿಲಲ್ಲಿ ನಿಂತರು.

"ಇದು ಯಾವ ಪಾಠ?"

"ಭಾಷೆ, ಸರ್."

"ನೀವು ವಿಜ್ಞಾನದವರಲ್ಲವೇ? ಯಾವ ಭಾಷೆ?"

"ಆಡಿಂದು, ಸರ್" ಎಂದರು ಟೀಚರ್. ಅಧಿಕಾರಿ ಸ್ವಲ್ಪ ಹೊತ್ತು ಪರದೆ ನೋಡಿ, ಏನೂ ಬರೆದುಕೊಳ್ಳದೆ ಹೋದರು. ಕಾರಿಡಾರಿನಲ್ಲಿ ಅವರು ನಕ್ಕದ್ದು ಕೇಳಿಸಿತು ಎಂದು ನನ್ನ ನೆನಪು. ಹಮೀದ ಅದು ಕೆಮ್ಮು ಎನ್ನುತ್ತಾನೆ.

ಟೀಚರ್ ಸ್ವತಃ ಆ ಚಿತ್ರಗಳನ್ನು ನೋಡಿದ್ದು ಕಡಿಮೆ. ಮೊದಲ ಬೆಂಚಿನ ಮುಂದಿಟ್ಟ ಯಂತ್ರದ ಪಕ್ಕ ನಿಂತು, ಪರದೆಗೆ ಬೆನ್ನು ಹಾಕಿ, ನಮ್ಮ ಮುಖಗಳನ್ನೇ ನೋಡುತ್ತಿದ್ದರು. ನಾವು ಎಲ್ಲಿ ನಗುತ್ತೇವೆ ಎಂಬುದರ ಮೇಲೆ ಆಡು ಎಲ್ಲಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ನಿವೃತ್ತಿಯಾಗುವಾಗ ಪ್ರೊಜೆಕ್ಟರನ್ನೂ ಟ್ರಂಕನ್ನೂ ಶಾಲೆಗೇ ಬಿಟ್ಟರು. ಶನಿವಾರದ ಸಿನೆಮಾ ಅಲ್ಲಿಗೆ ನಿಂತಿತು. ಶಾಲೆ ಇಂಗ್ಲಿಷ್ ಮಾಧ್ಯಮವಾಯಿತು, ಕಟ್ಟಡ ಎತ್ತರವಾಯಿತು. ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಎಂಬ ಬೋರ್ಡು ಬಂತು. ಕೆಲವು ವರ್ಷಗಳ ಹಿಂದೆ ಉಗ್ರಾಣ ಖಾಲಿ ಮಾಡುವ ದಿನ ಹೆಡ್‌ಮಿಸ್ಟ್ರೆಸ್ ಟೀಚರಿಗೆ ಫೋನು ಮಾಡಿದರು. ಟ್ರಂಕು ಬೇಕಾದರೆ ಕೊಂಡುಹೋಗಿ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ ಎಂದು. ಟೀಚರ್ ನನಗೂ ಹಮೀದನಿಗೂ ಬರಲು ಹೇಳಿದರು. ಹೊರಲು ಜನ ಬೇಕಿತ್ತು.

ಅಷ್ಟು ಹೊತ್ತಿಗೆ ಅವರಿಗೆ ಎಂಬತ್ತರ ಹತ್ತಿರ. ಕೋಲು ಹಿಡಿದಿದ್ದರು, ಆದರೆ ಊರುತ್ತಿರಲಿಲ್ಲ, ದಾರಿ ತೋರಿಸಲು ಬಳಸುತ್ತಿದ್ದರು. ಟ್ರಂಕು ತೆರೆದಾಗ ಉಪ್ಪಿನಕಾಯಿ ಭರಣಿ ತೆರೆದಂಥ ಹುಳಿ ವಾಸನೆ ಬಂತು. ಹಳೆಯ ಫಿಲ್ಮು ಕೆಡುವಾಗ ಹಾಗೆ ಬರುತ್ತದಂತೆ. ಬಾತುಕೋಳಿಗಳು ಅಂಟಿಕೊಂಡು ಗಟ್ಟಿಯಾಗಿದ್ದವು. ಆಡಿನ ಸುರುಳಿ ಮಾತ್ರ ಮೆತ್ತಗೆ ಬಿಚ್ಚಿಕೊಂಡಿತು.

"ಮೇಡಂ, ನಂಗೆ ಒಂದು ಪೀರಿಯಡ್ ಕೊಡಿ" ಎಂದರು ಟೀಚರ್.

ಹೆಡ್‌ಮಿಸ್ಟ್ರೆಸ್ ಕೆಟ್ಟವರಲ್ಲ. ಐವತ್ತರ ಅಂಚಿನ, ಮಾತು ತೂಗಿ ಆಡುವ ಹೆಂಗಸು. "ಟೀಚರ್, ಈಗಿನ ಮಕ್ಕಳು ಎರಡು ನಿಮಿಷ ಕೂಡ ನೋಡುದಿಲ್ಲ. ಬಣ್ಣ ಇಲ್ಲ, ಸೌಂಡ್ ಇಲ್ಲ. ನಿಮಗೇ ಬೇಜಾರಾಗ್ತದೆ."

"ಒಂದೇ ಪೀರಿಯಡ್. ಬೆಲ್ಲು ಆದ ಮೇಲೆ ಮಕ್ಕಳು ಇನ್ನೊಮ್ಮೆ ಅಂತ ಕೇಳದಿದ್ರೆ ನಾನೇ ಗುಜರಿಗೆ ಕೊಟ್ಟು ಹೋಗ್ತೇನೆ."

"ಕೇಳಿದ್ರೆ?"

"ಕೇಳಿದ್ರೆ ಶನಿವಾರದ ಕೊನೆ ಪೀರಿಯಡ್ ಆಡಿಗೆ."

ಹೆಡ್‌ಮಿಸ್ಟ್ರೆಸ್ ಒಪ್ಪಿದರು. ಒಪ್ಪದಿರಲು ಅವರಿಗೆ ಕಾರಣ ಸಿಕ್ಕಲಿಲ್ಲ ಎನ್ನುವುದು ಹೆಚ್ಚು ಸರಿ. ಏಳನೆಯ ತರಗತಿಯವರನ್ನು ಸಭಾಂಗಣದಲ್ಲಿ ಕೂರಿಸಿದರು. ಕಿಟಕಿಗಳಿಗೆ ನಾನೂ ಹಮೀದನೂ ಅವನ ಅಂಗಡಿಯ ಗೋಣಿಗಳನ್ನು ಕಟ್ಟಿದೆವು. ಮೆಣಸಿನ ಘಾಟಿಗೆ ಮೊದಲ ಸಾಲು ಸೀನಿತು. ಟೀಚರ್ ಸೆರಗು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಯಾರೂ ಬೆಂಚು ಬಡಿಯಲಿಲ್ಲ.

ಆಡು ಬಂತು. ಪೋಸ್ಟರ್ ತಿಂದಿತು. ಮಕ್ಕಳು ಕೈಕಟ್ಟಿ ಕುಳಿತು ನೋಡಿದರು. ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬ ಹುಡುಗಿ ಎದ್ದು, ಆಡಿಯೋ ಇಲ್ಲವೇ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದಳು.

"ಆಡಿಯೋ ನೀವೇ" ಎಂದರು ಟೀಚರ್. "ಆಡು ಎಂತ ಹೇಳ್ತದೆ? ಹೇಳಿ."

ಇನ್ನೊಬ್ಬ ಎದ್ದು ನಿಂತು, ಆಡು ಟೋಪಿಯನ್ನು ತಿನ್ನುತ್ತಿದೆ ಎಂಬುದನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿ ಕುಳಿತ. ಅವನ ಕ್ಲಾಸ್ ಟೀಚರ್ ತಲೆದೂಗಿದರು.

"ಅದು ನಮಗೂ ಕಾಣ್ತದೆ ಮಗ" ಎಂದರು ಟೀಚರ್.

ಆಗ ನಾನು ಅವರ ಮುಖ ನೋಡಿದೆ. ಮಕ್ಕಳ ಸಾಲಿನಿಂದ ಸಾಲಿಗೆ ಕಣ್ಣು ಹಾಯಿಸುತ್ತಿದ್ದರು. ಆಡು ಎಲ್ಲಿದೆ ಎಂದು ಅವರಿಗೆ ಮೊದಲ ಬಾರಿಗೆ ಗೊತ್ತಾಗುತ್ತಿರಲಿಲ್ಲ. ಬಹುಶಃ ಭಯ ಅದು. ಅಥವಾ ಭಯವನ್ನು ಈಗ ನಾನು ಸೇರಿಸುತ್ತಿದ್ದೇನೆ.

ಚಿತ್ರದ ಕೊನೆ ಬಂತು. ಆಡು ಒಂದು ದೊಡ್ಡ ಕಚೇರಿಯ ಮೆಟ್ಟಿಲು ಹತ್ತಿ, ತೆರೆದ ಬಾಗಿಲೊಳಗೆ ತಲೆ ತೂರಿಸಿತು. ಅಷ್ಟೇ. ಪರದೆ ಬೆಳ್ಳಗಾಯಿತು.

ನಾನು ಬೆಚ್ಚಿಬಿದ್ದೆ. "ಟೀಚರ್, ಕುರ್ಚಿ ಎಲ್ಲಿ? ಆಡು ಸಾಹೇಬರ ಕುರ್ಚಿಯಲ್ಲಿ ಕೂತು ಕನ್ನಡಕ ಹಾಕಿಕೊಳ್ಳುದು?"

"ಯಾವ ಕುರ್ಚಿ? ಇದು ಬರುವಾಗಲೇ ಇಲ್ಲಿಗೆ ತುಂಡಾಗಿ ಬಂದದ್ದು. ಮುಂದಿನದ್ದು ನೀವು ಹೇಳ್ತಿದ್ರಿ. ಪ್ರತಿ ಕ್ಲಾಸಿಂದು, ಪ್ರತಿ ಸಲದ್ದು ಬೇರೆ ಬೇರೆ."

ಆ ಕುರ್ಚಿಯ ಕೆತ್ತನೆಯನ್ನೂ ನಾನು ಬಿಡಿಸಿ ತೋರಿಸಬಲ್ಲೆ. ಕನ್ನಡಕದ ಒಂದು ಗಾಜು ಒಡೆದಿತ್ತು. ನಾನು ಕಣ್ಣಾರೆ ನೋಡಿದ್ದ ಆ ದೃಶ್ಯವನ್ನು ಹಿಂದಿನ ಬೆಂಚಿನವರು ಯಾರೋ ಕತ್ತಲಲ್ಲಿ ಕೂಗಿ ಹೇಳಿದ್ದರು. ಅಂದಿನಿಂದ ನನ್ನ ಬಾಲ್ಯದ ಯಾವ ಸಂಗತಿಯನ್ನೂ ನಾನು ಪೂರ್ತಿ ನಂಬಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ.

ಟೀಚರ್ ಗಡಿಯಾರ ನೋಡಲಿಲ್ಲ. ರೀಲನ್ನು ಸುತ್ತಿ ಮತ್ತೆ ಮೊದಲಿಗೆ ಹಾಕಿದರು. ಯಂತ್ರ ಚಾಲೂ ಮಾಡುವ ಮುನ್ನ ಮಕ್ಕಳನ್ನು ಕೇಳಿದರು: "ಬೆಳಿಗ್ಗೆ ಏಳದಿದ್ರೆ ಮನೆಯಲ್ಲಿ ನಿಮಗೆ ಯಾವ ಭಾಷೆಯಲ್ಲಿ ಬೈತಾರೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ನಗು ಮೂಲೆಯಲ್ಲಿ ಮೊಳೆತು ಅಡಗಿತು.

"ಆಡಿಗೆ ಇಂಗ್ಲಿಷ್ ಬರುದಿಲ್ಲ. ಅದು ಶಾಲೆಗೆ ಹೋಗಲಿಲ್ಲ. ನಿಮಗೆ ಬೈಯುವ ಭಾಷೆ ಅದಕ್ಕೆ ಗೊತ್ತುಂಟು."

ಆದರೂ ಎಲ್ಲರ ಕಣ್ಣು ಬಾಗಿಲಿನ ಕಡೆ. ಅಲ್ಲಿ ಹೆಡ್‌ಮಿಸ್ಟ್ರೆಸ್ ಕೈಕಟ್ಟಿ ನಿಂತಿದ್ದರು, ಅವರ ತಲೆಯ ಮೇಲೆಯೇ ಆ ಬೋರ್ಡು. ಚಿತ್ರ ಮತ್ತೆ ಓಡತೊಡಗಿತು. ಪೋಸ್ಟರ್ ಹೋಯಿತು, ಹೂವು ಹೋಯಿತು. ಟೋಪಿ ಹೋಯಿತು. ಪೊಲೀಸ ಎದ್ದು ಬೆರಳೆತ್ತಿದ. ಹಮೀದನಿಗೆ ತಡೆಯಲಾಗಲಿಲ್ಲ. ಗೋಣಿ ಕಟ್ಟಿದ ಕಿಟಕಿಯ ಹತ್ತಿರದಿಂದ ಅವನು ಗಂಟಲು ದಪ್ಪ ಮಾಡಿ ಕೂಗಿದ: "ಯಾರದು ನನ್ನ ಟೋಪಿಯನ್ನು ತಿಂದದ್ದು? ಈ ಕೂಡಲೇ ಉತ್ತರಿಸತಕ್ಕದ್ದು!"

ಆಡು ನಿಂತು ನಮ್ಮನ್ನು ನೋಡಿತು. ದವಡೆ ಅಲ್ಲಾಡಿತು.

ಬಾಗಿಲ ಕಡೆಯಿಂದ ಸಣ್ಣ ದನಿಯೊಂದು ಬಂತು: "ಯಾನತ್ತ್, ಸರ್."

ಆಮೇಲೆ ಆದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಸಭಾಂಗಣ ಬಿರಿಯಿತು. ಎರಡನೆಯ ಸಾಲಿನ ಹುಡುಗಿ ಬ್ಯಾರಿಯಲ್ಲಿ ಆಡಾದಳು, ಅವಳ ಪಕ್ಕದವಳು ಕೊಂಕಣಿಯಲ್ಲಿ. ತಪ್ಪಿಲ್ಲದ ಇಂಗ್ಲಿಷಿನ ಹುಡುಗ ಬೆಂಚಿನ ಮೇಲೆ ಹತ್ತಿ ತನ್ನ ಅಮ್ಮನ ತುಳುವಿನಲ್ಲಿ ಪೊಲೀಸನಿಗೆ ಬೆಳಗಿನ ಮಂಗಳಾರತಿಯನ್ನು ಪೂರ್ತಿ ಒಪ್ಪಿಸಿದ. ಬಿಹಾರದಿಂದ ಬಂದ ಕುಟುಂಬದ ಒಬ್ಬ ಹುಡುಗ, ನಮಗಾರಿಗೂ ಅರ್ಥವಾಗದ ತನ್ನ ಮನೆಮಾತಿನಲ್ಲಿ ಏನೋ ಅಂದ. ಅದಕ್ಕೇ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ಆಡು ಬಾಗಿಲೊಳಗೆ ತಲೆ ತೂರಿಸಿ ಪರದೆ ಬೆಳ್ಳಗಾದಾಗ ಸಿನೆಮಾ ಮುಗಿಯಲಿಲ್ಲ. ಅವರು ಒಳಗೆ ನುಗ್ಗಿದರು. ಆಡು ಬೋರ್ಡು ತಿಂದಿತು ಎಂದು ಯಾರೋ ಕೂಗಿದರು. ಬೆಲ್ಲು ಹೊಡೆದದ್ದು ಕೇಳಿಸಲಿಲ್ಲ. "ಇನ್ನೊಮ್ಮೆ! ನನೊರ! ಆನಿಕೀ!" ಎಂದು ಬೆಂಚುಗಳು ಗುಡುಗಿದವು.

ಟೀಚರ್ ಪರದೆಗೆ ಬೆನ್ನು ಹಾಕಿ ನಿಂತಿದ್ದರು. ನಗಲಿಲ್ಲ. ಕೋಲನ್ನು ಎತ್ತಿ ಬಾಗಿಲಿನ ಕಡೆ ತೋರಿಸಿದರು. "ಶನಿವಾರ" ಎಂದರು.

ಬಾಗಿಲಿಂದ ಬಂದ ಆ ದನಿ ಹೆಡ್‌ಮಿಸ್ಟ್ರೆಸ್ ಅವರದ್ದು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅದು ಅವರ ಹಿಂದೆ ನಿಂತಿದ್ದ ಡ್ರಿಲ್ ಮಾಸ್ಟರದ್ದು ಎನ್ನುತ್ತಾನೆ ಹಮೀದ. ಹೋಗುವಾಗ ನಾನು ಅವರನ್ನೇ ಕೇಳಿದೆ. "ಮೇಡಂ, ಆಗ ತುಳುವಿನಲ್ಲಿ ಹೇಳಿದ್ದು ನೀವಲ್ವಾ?"

ಅವರು ನೇರವಾಗಿ ನನ್ನನ್ನು ನೋಡಿದರು. "ನಾನಲ್ಲಪ್ಪ" ಎಂದರು.

ಬೋರ್ಡು ಅಲ್ಲೇ ಉಳಿಯಿತು. ಶನಿವಾರದ ಕೊನೆಯ ಪೀರಿಯಡ್ ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದಾಯಿತು. ಟೀಚರ್ ಇದ್ದಷ್ಟು ಕಾಲ ಬಂದು ಯಂತ್ರ ಓಡಿಸಿದರು. ಕೂರಬೇಕಾಗಿ ಬಂದಾಗ ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ಹಾಕಿಸಿಕೊಂಡರು.

ಹಾಗೆ ನಾವು ಸಂತಾಪ ಸಭೆಗೆ ಬಂದೆವು. ಸದ್ದಿಲ್ಲದ ಸಾಧಕಿಯ ಭಾಷಣ ಮುಗಿದ ಮೇಲೆ ನಮಗಿಂತ ಹಿರಿಯ ತಂಡದ ಡಾಕ್ಟರೊಬ್ಬರು ಮೈಕು ಹಿಡಿದು, ಆಡು ಕೊನೆಗೆ ಕಚೇರಿಯ ಗಡಿಯಾರ ನುಂಗಿದ್ದು ತಮಗಿನ್ನೂ ಕಣ್ಣಿಗೆ ಕಟ್ಟಿದಂತಿದೆ ಎಂದರು.

"ಎಂತ ಗಡಿಯಾರ ಮಾರಾಯ್ರೆ?" ಹಮೀದ ಎದ್ದ. ಅಂದು ದೂರದ ಕಿಟಕಿಯ ಗೋಣಿ ಬಿಗಿಯುತ್ತಿದ್ದ ಅವನಿಗೆ ಟೀಚರ್ ನನಗೆ ಹೇಳಿದ್ದು ಕೇಳಿಸಿರಲಿಲ್ಲ, ಕೊನೆಯ ತುಂಡು ಕೆಟ್ಟುಹೋಗಿದೆ ಎಂದೇ ತಿಳಿದಿದ್ದ. "ಆಡು ದೋಣಿ ಹತ್ತಿ ಹೋದದ್ದು! ಪೊಲೀಸ ದಕ್ಕೆಯಲ್ಲಿ ನಿಂತು ಟಾಟಾ ಮಾಡಿದ್ದು!"

"ದೋಣಿ ಎಲ್ಲಿಂದ ಬಂತು?" ಎಂದರು ಇನ್ನೂ ಹಿರಿಯ ತಂಡದ ಒಬ್ಬ ಅಜ್ಜಿ. "ಅಡುಗೆಮನೆಗೆ ಹೋಗಿ ಗಂಜಿ ಕುಡಿದದ್ದು. ನಾನು ನೋಡಿದ್ದೇನೆ."

ಗಲಾಟೆ ಬೆಳೆಯಿತು. ನನಗೆ ಸತ್ಯ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಹೆಡ್‌ಮಿಸ್ಟ್ರೆಸ್ ಕೊನೆಗೆ ಪ್ರೊಜೆಕ್ಟರ್ ತರಿಸಿದರು. ಫಿಲ್ಮಿನ ತುದಿಯನ್ನು ತುಟಿಗೆ ತಾಗಿಸಿ ನೋಡಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತಾವೇ ಓಡಿಸಿದರು. ಆಡು ಬಂತು. ತಿಂದಿತು. ಓಡಿತು. ಮೆಟ್ಟಿಲು ಹತ್ತಿತು, ತಲೆ ತೂರಿಸಿತು, ಪರದೆ ಬೆಳ್ಳಗಾಯಿತು.

ಬಿಳಿ ತಲೆಗಳ ಆ ಇಡೀ ಸಭೆ ಬಿಳಿ ಪರದೆಯನ್ನು ನೋಡುತ್ತ ಕುಳಿತಿತು. ಗಡಿಯಾರ ಇಲ್ಲ, ದೋಣಿ ಇಲ್ಲ, ಗಂಜಿ ಇಲ್ಲ. ಟೀಚರ್ ನಮಗೆ ಏನು ಕೊಟ್ಟಿದ್ದರು ಎನ್ನುವುದು ಒಬ್ಬೊಬ್ಬರಿಗೂ ತಿಳಿಯುತ್ತ ಹೋದದ್ದನ್ನು ನಾನು ನೋಡಿದೆ, ಏಕೆಂದರೆ ಆಗ ನಾನು ಪರದೆಗೆ ಬೆನ್ನು ಹಾಕಿ ತಿರುಗಿದ್ದೆ.

ಇದೇ ಸರಿಯಾದ ಹೊತ್ತೆಂದು ಹೆಡ್‌ಮಿಸ್ಟ್ರೆಸ್ ಮೈಕಿನಲ್ಲಿ, ತಮ್ಮ ಅತ್ಯಂತ ಗಂಭೀರವಾದ ಕನ್ನಡದಲ್ಲಿ ಹೇಳಿದರು: "ಅಗಲಿದ ಗುರುಗಳ ಗೌರವಾರ್ಥ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸತಕ್ಕದ್ದು."

ಎದ್ದು ನಿಂತೆವು. ಬಲ್ಬಿನ ಬೆಳಕು ಎಲ್ಲರ ಮುಖದ ಮೇಲೆ. ಖಾಲಿ ರೀಲು ತಿರುಗುತ್ತ ಫಿಲ್ಮಿನ ಬಾಲ ಪಟಪಟ ಬಡಿಯುತ್ತಿತ್ತು. ಮೌನ ನಿಂತೇಬಿಡುತ್ತದೆ ಎನ್ನುವಷ್ಟರಲ್ಲಿ ಎಲ್ಲಿಂದಲೋ ಒಂದು ಸ್ವರ, ದವಡೆ ಆಡಿಸುತ್ತ ಹೇಳಿದಂತೆ, ಮೆಲ್ಲಗೆ ಬಂತು:

"ಯಾನತ್ತ್, ಟೀಚರ್."

ಡಾಕ್ಟರು ಮೊದಲು ಕುಸಿದರು. ಆಮೇಲೆ ಅಜ್ಜಿ. ಆಮೇಲೆ ಬೆಂಚುಗಳು. ಅರುವತ್ತು ದಾಟಿದವರು ಕಣ್ಣೊರೆಸಿಕೊಳ್ಳುತ್ತ ನಾಲ್ಕು ಭಾಷೆಗಳಲ್ಲಿ ಆಡನ್ನು ಆ ಬಾಗಿಲಿನಿಂದ ಒಳಕ್ಕೆ ನುಗ್ಗಿಸಿದರು. ಅದು ಈ ಸಲ ಮೈಕನ್ನೂ ತಿಂದಿತು.

ಹೊರಗೆ ಚಾ ಕುಡಿಯುವಾಗ ಹೆಡ್‌ಮಿಸ್ಟ್ರೆಸ್ ಒಬ್ಬೊಬ್ಬರನ್ನೇ ಹಿಡಿದು ವಿಚಾರಿಸಿದರು, ಹೇಳಿದ್ದು ಯಾರೆಂದು. ಡಾಕ್ಟರು ನಾನಲ್ಲ ಎಂದರು. ಅಜ್ಜಿ ನಾನಲ್ಲ ಎಂದರು. ಹಮೀದ ಅಲ್ಲಾಹನ ಮೇಲೆ ಆಣೆ ಹಾಕಿ ನಾನಲ್ಲ ಎಂದ. ಕೊನೆಗೆ ಅವರು ನನ್ನ ಮುಂದೆ ಬಂದು ಬೆರಳೆತ್ತಿದರು.

ನನ್ನ ಬಾಯಲ್ಲಿ ಬಿಸ್ಕತ್ತು ಇತ್ತು. ಅವರನ್ನು ನೇರವಾಗಿ ನೋಡಿದೆ.